ಮುಖ ಒಬ್ಬರದು, ಕೈ ಒಬ್ಬರದು, ದನಿ ಇನ್ನೊಬ್ಬರದು

ಪ್ರಶ್ನೆ: "ನಾವು ತೀರ್ಥಹಳ್ಳಿ ತಾಲ್ಲೂಕಿನವರು. ನನ್ನ ತವರುಮನೆ ಹಳೇ ಕಾಲದ ತೊಟ್ಟಿ ಮನೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಒಂದು ಸಿನಿಮಾ ಶೂಟಿಂಗ್ ಮಾಡುತ್ತೇವೆ ಎಂದು ಅಣ್ಣನ ಹತ್ತಿರ ಮಾತಾಡಿ ಹೋಗಿದ್ದಾರೆ. ಕಥೆ ನಮ್ಮ ಕಡೆಯ ಅಡಿಕೆ ತೋಟದ ಮನೆ ಹುಡುಗಿಯದಂತೆ. ಆದರೆ ನಾಯಕಿ ಮುಂಬೈನವಳು, ಕನ್ನಡ ಒಂದಕ್ಷರ ಬರುವುದಿಲ್ಲ. ನನ್ನ ಮಗಳಿಗೆ 22 ವರ್ಷ. ಹೆಗ್ಗೋಡಿನಲ್ಲಿ ಒಂದು ವರ್ಷ ನಾಟಕ ಕಲಿತಿದ್ದಾಳೆ. ಸಿನಿಮಾದವರಿಗೆ ಎಷ್ಟು ಸಲ ಫೋಟೋ ಕಳಿಸಿದರೂ ಉತ್ತರ ಇಲ್ಲ. ಹೋದ ವಾರ ಯಾರೋ ಫೋನ್ ಮಾಡಿ, ಇದೇ ಸಿನಿಮಾದಲ್ಲಿ ನಾಯಕಿಯ ತಂಗಿ ಪಾತ್ರ ಇದೆ, ಆರ್ಟಿಸ್ಟ್ ಕಾರ್ಡಿಗೆ 25,000 ರೂಪಾಯಿ ಕಟ್ಟಿ, ಶೂಟಿಂಗ್ ಮುಗಿದ ಮೇಲೆ ವಾಪಸ್ ಕೊಡುತ್ತೇವೆ ಎಂದರು. ನಮ್ಮ ಹುಡುಗಿಯರನ್ನು ಬೇಕಂತಲೇ ದೂರ ಇಡುತ್ತಾರಾ? ದುಡ್ಡು ಕೊಟ್ಟವರಿಗೆ ಮಾತ್ರ ಪಾತ್ರವಾ? ನಾಟಕದವರಿಗೆ ಕ್ಯಾಮೆರಾ ಮುಂದೆ ನಟಿಸಲು ಬರುವುದಿಲ್ಲ ಎನ್ನುವುದು ನಿಜವಾ? ಅವಳ ಅಪ್ಪ, ಆಡಿದ್ದು ಸಾಕು, ಬಿ.ಎಡ್. ಮಾಡು ಅಂತಿದ್ದಾರೆ. ಏನು ಮಾಡಲಿ?"

ಅಕ್ಕಾ, ಅವಸರದ್ದು ಮೊದಲು ಹೇಳಿಬಿಡುತ್ತೇನೆ. ಆ 25,000 ಕಟ್ಟಬೇಡಿ. ಇವತ್ತೂ ಬೇಡ, ಅವರು ಹತ್ತು ಸಾವಿರಕ್ಕೆ ಇಳಿದರೂ ಬೇಡ. ಉಳಿದದ್ದನ್ನು ನಿಧಾನಕ್ಕೆ ಮಾತಾಡೋಣ. ನಮ್ಮ ಕಥೆಗೆ ಹೊರಗಿನ ಹುಡುಗಿ ಬಂದಳಲ್ಲ ಎಂಬ ಬೇಸರ, ಮಗಳು ಕಲಿತದ್ದು ದಂಡವಾಯ್ತಾ ಎಂಬ ಭಯ, ಈ ಫೋನು, ಎಲ್ಲವೂ ಒಂದೇ ಗಂಟು ಅಂತ ನಿಮಗೆ ಅನಿಸಿದೆ. ಬಿಡಿಸಿ ನೋಡಿದರೆ ಬೇರೆ ಬೇರೆ.

ನಾನು ಹೊಸನಗರದ ಕಡೆಯವನು. ಹದಿನೆಂಟು ವರ್ಷದಿಂದ ಬೆಂಗಳೂರಿನಲ್ಲಿ ಸಿನಿಮಾಗಳಿಗೆ ನಟನಟಿಯರನ್ನು ಹುಡುಕಿಕೊಡುವ ಕೆಲಸ ಮಾಡುತ್ತಿದ್ದೇನೆ. ನಾನು ಏನು ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ ಅಮ್ಮ ಇವತ್ತಿಗೂ "ಸಿನಿಮಾಕ್ಕೆ ಜನ ಮಾಡಿಕೊಡ್ತಾನೆ" ಅಂತಾಳೆ, ತೋಟಕ್ಕೆ ಆಳು ಮಾಡಿಕೊಟ್ಟ ಹಾಗೆ. ಹೆಚ್ಚುಕಡಿಮೆ ಅದೇ ಕೆಲಸ.

ನಿಮ್ಮ ಪತ್ರ ಓದಿದಾಗ ಕೆಲವು ವರ್ಷದ ಹಿಂದಿನ ಒಂದು ರಾತ್ರಿ ನೆನಪಾಯಿತು. ಸಾಗರದ ಹತ್ತಿರ ಶೂಟಿಂಗ್. ನಾಯಕಿ ಅಡಿಕೆ ಸುಲಿಯುವ ದೃಶ್ಯ. ಚಪ್ಪರದ ಕೆಳಗೆ ಬಲ್ಬು, ನಡುವೆ ಹಸಿ ಅಡಿಕೆ ರಾಶಿ, ಸುತ್ತ ಐದಾರು ಹೆಂಗಸರು ಮೆಟ್ಟುಗತ್ತಿ, ಅಂದರೆ ಕಾಲಲ್ಲಿ ಮೆಟ್ಟಿ ಹಿಡಿದು ಅಡಿಕೆ ಸುಲಿಯುವ ಕತ್ತಿ, ಇಟ್ಟುಕೊಂಡು ಕೂತಿದ್ದರು. ನಾಯಕಿ ಉತ್ತರದ ಹುಡುಗಿ. ಒಳ್ಳೆಯವಳು, ಕಲಿಯುವ ಆಸೆ ಇದ್ದವಳು. ಆದರೆ ಅವಳು ಊರಿಗೆ ಬಂದು ಇಳಿದದ್ದು ಆ ದಿನ ಬೆಳಿಗ್ಗೆ. ಮೆಟ್ಟುಗತ್ತಿ ಅಂದರೆ ಆಟದ ಸಾಮಾನಲ್ಲ, ಬೆರಳು ಹೋಗುತ್ತದೆ. ಮೂರು ಅಡಿಕೆ ಸುಲಿಯುವಷ್ಟರಲ್ಲಿ ನಿರ್ದೇಶಕರಿಗೆ ಬೆವರಿಳಿಯಿತು.

ಸರಿ, ಕೈಯನ್ನು ಬೇರೆ ತೆಗೆಯೋಣ ಅಂದರು. ಮೊದಲು ಅವಳ ಕೈಗೇ ಮೇಕಪ್‌ನವರು ಕಂದು ಬಣ್ಣ ಹಚ್ಚಿ ನೋಡಿದರು. ಬಣ್ಣ ಅಂಗೈ ತುಂಬ ಒಂದೇ ಸಮ ಕೂತಿತು, ಮದರಂಗಿ ಹಾಕಿ ಒರೆಸಿದ ಹಾಗೆ. ಹಸಿ ಅಡಿಕೆಯ ಚೊಗರಿನ ಕಲೆ ಹಾಗೆ ಹತ್ತುವುದಿಲ್ಲ ಅಂತ ನಿಮಗೆ ಹೇಳಬೇಕಾ? ಅದು ಹೆಬ್ಬೆರಳಿನ ಗೆರೆಗಳಲ್ಲಿ ಇಳಿಯುತ್ತದೆ, ಉಗುರಿನ ಅಂಚಿನಲ್ಲಿ ಕಪ್ಪಾಗಿ ಕೂರುತ್ತದೆ. ಕೊನೆಗೆ ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸಿಗೆ ನಾಯಕಿಯ ಬಳೆ ತೊಡಿಸಿ ಅವರ ಕೈಯನ್ನೇ ಹತ್ತಿರದಿಂದ ತೆಗೆದರು. ಆಮೇಲೆ ಡಬ್ಬಿಂಗ್‌ನಲ್ಲಿ ದನಿ ಕೊಟ್ಟವಳು ಬೆಂಗಳೂರಿನ ಇನ್ನೊಬ್ಬ ಹುಡುಗಿ. ಸೆಟ್‌ನಲ್ಲಿ ಮಾತು ನೆನಪಾಗದ ಕಡೆ ನಾಯಕಿ ಒನ್, ಟೂ, ತ್ರೀ ಅಂತ ಎಣಿಸಿದ್ದಳು. ಆ ತುಟಿಗೆ ಹೊಂದುವ ಹಾಗೆ ಕನ್ನಡ ಕೂರಿಸಬೇಕಾಯಿತು. ಪರದೆ ಮೇಲೆ ಒಬ್ಬಳೇ ಮಲೆನಾಡ ಹುಡುಗಿ. ಅವಳ ಮುಖ ಒಬ್ಬರದು, ಕೈ ಒಬ್ಬರದು, ದನಿ ಇನ್ನೊಬ್ಬರದು. ಕೈ ಕೊಟ್ಟವರಿಗೆ ಆ ರಾತ್ರಿಯ ಸುಲಿಯುವ ಕೂಲಿ ಸಿಕ್ಕಿತು, ಅದೂ ನಾನು ಎರಡು ಸಲ ನೆನಪಿಸಿದ ಮೇಲೆ. ಆ ನಾಯಕಿಯನ್ನು ಆರಿಸಿದ ತಂಡದಲ್ಲಿ ನಾನೂ ಇದ್ದೆ. ಹಾಗಾಗಿ ಬೇರೆಯವರನ್ನು ಬೈಯುವ ಹಕ್ಕು ನನಗೆ ಅರ್ಧ ಮಾತ್ರ.

ಈಗ ನಿಮ್ಮ ಮೊದಲ ಪ್ರಶ್ನೆ. ಬೇಕಂತಲೇ ದೂರ ಇಡುತ್ತಾರಾ? ಇಲ್ಲ. ಬೇಕಂತ ಮಾಡಿದ್ದರೆ ಒಂದು ಲೆಕ್ಕದಲ್ಲಿ ಸುಲಭವಿತ್ತು, ಜಗಳ ಆಡಬಹುದಿತ್ತು. ಇಲ್ಲಿ ನಡೆಯುವುದು ಬರೀ ವ್ಯಾಪಾರ, ಅದರ ಮೇಲೆ ಒಂದಿಷ್ಟು ಸೋಮಾರಿತನ.

ಸಿನಿಮಾ ಶುರುವಾಗುವುದು ನಾಯಕನಿಂದ. ಅವನ ಡೇಟು ಸಿಕ್ಕ ಮೇಲೆ ಹಣ ಹಾಕುವವರು ಬರುತ್ತಾರೆ. ಆಮೇಲೆ ಲೆಕ್ಕಾಚಾರ. ಟಿವಿಯವರು ಕೊಳ್ಳುತ್ತಾರಾ, ಒಟಿಟಿಯವರು ಕೊಳ್ಳುತ್ತಾರಾ, ಹಿಂದಿ ಡಬ್ಬಿಂಗ್ ಹಕ್ಕು ಎಷ್ಟಕ್ಕೆ ಹೋಗುತ್ತದೆ? ಹಿಂದಿಯಲ್ಲೋ ತೆಲುಗಿನಲ್ಲೋ ಒಂದು ಸಿನಿಮಾದಲ್ಲಿ ಮುಖ ತೋರಿಸಿದ ಹುಡುಗಿ ಇದ್ದರೆ ಆ ಮಾತುಕತೆಯಲ್ಲಿ ಒಂದು ಹೆಸರು ಹೇಳಲು ಸಿಗುತ್ತದೆ. ಅಷ್ಟಕ್ಕೇ ಅವಳು. ನಾಯಕಿ ಯಾರು ಎಂಬುದು ಎಷ್ಟೋ ಸಲ ತೀರ್ಮಾನವಾಗುವುದು ಶೂಟಿಂಗಿಗೆ ಮೂರು ವಾರ ಇರುವಾಗ. ಮೂರು ವಾರದಲ್ಲಿ ಹೊಸ ಹುಡುಗಿಯನ್ನು ಹುಡುಕಿ, ತಿದ್ದಿ, ನಾಯಕನ ಪಕ್ಕ ನಿಲ್ಲಿಸಿ ಲುಕ್ ಟೆಸ್ಟ್ ಮಾಡಿ, ಎಲ್ಲರನ್ನೂ ಒಪ್ಪಿಸಲು ಆಗುತ್ತದಾ? ಆಗುವುದಿಲ್ಲ. ಅಷ್ಟರಲ್ಲಿ ಯಾರೋ ಮ್ಯಾನೇಜರ್ ಹತ್ತು ಫೋಟೋ ಕಳಿಸಿರುತ್ತಾನೆ. ಅದರಲ್ಲಿ ಒಬ್ಬಳು.

ಇನ್ನೊಂದು ವಿಷಯ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆಯ ಮನೆಗಳೂ ಹುಡುಗಿಯರನ್ನು ಸುಲಭಕ್ಕೆ ಬಿಡುವುದಿಲ್ಲ. ಶಿವಮೊಗ್ಗದಲ್ಲಿ ಒಂದು ಸಲ ಆಡಿಷನ್ ಇಟ್ಟಾಗ ಚೆನ್ನಾಗಿ ಮಾಡಿದ ನಾಲ್ಕು ಹುಡುಗಿಯರಲ್ಲಿ ಇಬ್ಬರನ್ನು ಮತ್ತೆ ಕರೆದರೆ ಮನೆಯವರೇ ಫೋನ್ ಎತ್ತಲಿಲ್ಲ. ಒಬ್ಬಳ ಚಿಕ್ಕಪ್ಪ ಎತ್ತಿ "ಅವಳಿಗೆ ಗಂಡು ನೋಡ್ತಾ ಇದ್ದೇವೆ ಮಾರಾಯ್ರೆ" ಅಂದರು. ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಈ ಕ್ಷೇತ್ರದ ಹೆಸರು ಹಾಗಿದೆ.

ಆದರೆ ಹೊರಗಿನವರು ನಮ್ಮ ಪಾತ್ರ ಮಾಡಲೇಬಾರದು ಅಂದರೆ ನಾನು ಒಪ್ಪುವುದಿಲ್ಲ. ಮಲೆನಾಡಿನ ಅಗ್ರಹಾರವನ್ನು ಪರದೆಗೆ ತಂದು, 1970ರ ಸಾಲಿನಲ್ಲಿ ಕನ್ನಡಕ್ಕೆ ಮೊದಲ ಸಲ ದೇಶದ ಅತ್ಯುತ್ತಮ ಚಿತ್ರ ಪ್ರಶಸ್ತಿ ತಂದುಕೊಟ್ಟ 'ಸಂಸ್ಕಾರ' ನೆನಪು ಮಾಡಿಕೊಳ್ಳಿ. ಕಥೆ ನಿಮ್ಮ ತಾಲ್ಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿಯವರದ್ದು. ನಾರಣಪ್ಪನಾದ ಲಂಕೇಶ್ ಶಿವಮೊಗ್ಗ ಜಿಲ್ಲೆಯವರು. ಆದರೆ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನವರು. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಯಾರಿಗಾದರೂ ಅದು ಪರದೇಶದ ಸಿನಿಮಾ ಅನಿಸಿತಾ?

ಇದರ ಉಲ್ಟಾ ಕೂಡ ನಮ್ಮ ಆಗುಂಬೆಯಲ್ಲೇ ಆಗಿದೆ. 'ಮಾಲ್ಗುಡಿ ಡೇಸ್' ಧಾರಾವಾಹಿಯ ಊರು ಕಾಗದದ ಮೇಲೆ ತಮಿಳು ಸೀಮೆಯ ಕಡೆಯದು. ಮಾತು ಹಿಂದಿ. ಶಂಕರ್‌ನಾಗ್ ಆಗುಂಬೆಯ ಬೀದಿಯನ್ನೇ ಮಾಲ್ಗುಡಿ ಮಾಡಿದರು. ಸ್ವಾಮಿಯಾಗಿ ನಮ್ಮ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್. ಇಡೀ ದೇಶ ಕನ್ನಡದವರನ್ನು ಮಾಲ್ಗುಡಿಯವರು ಅಂತಲೇ ನಂಬಿತು. ಅವತ್ತು ಯಾರಾದರೂ "ಈ ಹುಡುಗ ಅಲ್ಲಿಯವನಲ್ಲ" ಎಂದು ತಕರಾರು ತೆಗೆದಿದ್ದರೆ ನಮಗೆ ಹೇಗನಿಸುತ್ತಿತ್ತು?

ಈಗ ಬರಲಿರುವ ಸಿನಿಮಾಗಳನ್ನೇ ನೋಡಿ. ಹಿಂದಿಯ 'ರಾಮಾಯಣ' ಎರಡು ಭಾಗವಂತೆ, ಮೊದಲನೆಯದು 2026ರ ದೀಪಾವಳಿಗೆ ಎಂದು ಘೋಷಿಸಿದ್ದಾರೆ. ಅದರಲ್ಲಿ ರಾವಣ ಹಾಸನ ಜಿಲ್ಲೆಯಲ್ಲಿ ಹುಟ್ಟಿದ ಯಶ್. ಅವರು ನಿರ್ಮಾಣದಲ್ಲೂ ಪಾಲುದಾರರು. ಸೀತೆ ನೀಲಗಿರಿಯ ಕೋಟಗಿರಿಯ ಸಾಯಿ ಪಲ್ಲವಿ. ಅವರ ಮನೆಮಾತು ಬಡಗ, ಅದು ನಮ್ಮ ಕನ್ನಡದ ಹತ್ತಿರದ ನೆಂಟ. ಇನ್ನು ಕುಂದಾಪುರ ತಾಲ್ಲೂಕು ಕೆರಾಡಿಯ ರಿಷಬ್ ಶೆಟ್ಟಿ ಛತ್ರಪತಿ ಶಿವಾಜಿ ಆಗುತ್ತಾರೆ ಎಂದು 2024ರ ಡಿಸೆಂಬರ್‌ನಲ್ಲಿ ಪೋಸ್ಟರ್ ಬಿಟ್ಟರು. ವಿರಾಜಪೇಟೆಯ ರಶ್ಮಿಕಾ ತೆಲುಗು, ಹಿಂದಿಯಲ್ಲಿ ಇರುವುದು ಎಲ್ಲರಿಗೂ ಗೊತ್ತು. ಬೆಂಗಳೂರಿನ ರುಕ್ಮಿಣಿ ವಸಂತ್ ಈಗ ತಮಿಳು, ತೆಲುಗಿನಲ್ಲಿ ಬಿಡುವಿಲ್ಲದೆ ಇದ್ದಾರೆ. ಅಲ್ಲಿನ ತಾಯಂದಿರೂ ನಿಮ್ಮ ಹಾಗೇ ಯಾರಿಗೋ ಪತ್ರ ಬರೆಯುತ್ತಿರಬಹುದು, ಅಲ್ವಾ?

ನನ್ನ ಅಭಿಪ್ರಾಯ ಕೇಳಿದರೆ, ಯಶ್ ರಾವಣನಾಗಿದ್ದು ಒಳ್ಳೆಯ ಆಯ್ಕೆ. ರಾವಣನಿಗೆ ಬೇಕಾದದ್ದು ತಾನೇ ರಾಜ ಎಂಬ ನಡಿಗೆ. ಅದು ಅವರಿಗೆ ಇದೆ. ಹಿಂದಿ ಉಚ್ಚಾರ ತಿದ್ದಿಕೊಳ್ಳಬಹುದು, ನಡಿಗೆ ತಿದ್ದುವುದು ಕಷ್ಟ. ರಿಷಬ್ ವಿಷಯದಲ್ಲಿ ನಾನು ಮರಾಠಿ ಬಲ್ಲವರು ಏನನ್ನುತ್ತಾರೆ ಎಂದು ಕಾಯುತ್ತೇನೆ. ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದಾಗ ಆಸರೆ ಕೊಟ್ಟವಳು ನಮ್ಮ ಕೆಳದಿಯ ಚೆನ್ನಮ್ಮ. ಆ ಕಥೆಯನ್ನು ಯಾರಾದರೂ ದೊಡ್ಡದಾಗಿ ಮಾಡಿ ಚೆನ್ನಮ್ಮನ ಪಾತ್ರಕ್ಕೆ ಹುಡುಗಿ ಹುಡುಕು ಅಂದರೆ, ಸಾಗರದಲ್ಲಿ ಹುಟ್ಟಿದವಳೇ ಬೇಕು ಅಂತ ನಾನು ಹಟ ಹಿಡಿಯುವುದಿಲ್ಲ. ಕುದುರೆ ಮೇಲೆ ನೆಟ್ಟಗೆ ಕೂರಬೇಕು, ದರ್ಬಾರಿನಲ್ಲಿ ದನಿ ಏರಿಸದೆ ಹತ್ತು ಜನರ ಬಾಯಿ ಮುಚ್ಚಿಸಬೇಕು. ಮತ್ತೆ ಆ ದನಿ ಅವಳದ್ದೇ ಆಗಿರಬೇಕು.

ನನ್ನ ತಕರಾರು ಇರುವುದು ಆ ದನಿಯ ಹತ್ತಿರ. ಮುಂಬೈ ಹುಡುಗಿ ಬಂದದ್ದಕ್ಕೆ ನನಗೆ ಸಿಟ್ಟಿಲ್ಲ, ಅವಳನ್ನು ಶೂಟಿಂಗಿನ ಹಿಂದಿನ ದಿನ ಕರೆಸುವುದಕ್ಕೆ ಸಿಟ್ಟು. ಎರಡು ತಿಂಗಳು ಮೊದಲು ಕರೆಸಿ, ನಿಮ್ಮಂಥ ಒಂದು ಮನೆಯಲ್ಲಿ ಹದಿನೈದು ದಿನ ಇರಿಸಿ, ಹಂಡೆ ಒಲೆಗೆ ಸೌದೆ ಹಾಕಲಿ, ಜಾರುವ ಅಂಗಳದಲ್ಲಿ ಬರಿಗಾಲಲ್ಲಿ ನಡೆಯಲಿ, ಅಜ್ಜಿ ಹತ್ತಿರ ಬೈಸಿಕೊಳ್ಳಲಿ. ಆಮೇಲೆ ಅವಳೇ ಮಾತಾಡಲಿ, ಸ್ವಲ್ಪ ತೊದಲಿದರೂ ಪರವಾಗಿಲ್ಲ. ಆದರೆ ಇದಕ್ಕೆ ಖರ್ಚಿದೆ. ನಟಿಯ ಎರಡು ತಿಂಗಳ ಡೇಟು ಕೊಳ್ಳುವ ಬದಲು ಡಬ್ಬಿಂಗ್‌ನವರಿಗೆ ಮೂರು ದಿನ ದುಡ್ಡು ಕೊಡುವುದು ಅಗ್ಗ. ಮಂಡ್ಯದ ಹಳ್ಳಿಯೊಂದರ ಜನರನ್ನೇ ಹಾಕಿಕೊಂಡು 'ತಿಥಿ' ಮಾಡಿದವರು ಊರಿನಲ್ಲೇ ಬಹಳ ಕಾಲ ಇದ್ದು ಅವರಿಂದ ನಟನೆ ತೆಗೆಸಿದರು. ಸ್ಥಳೀಯರನ್ನು ಹಾಕಿಕೊಳ್ಳುವುದಕ್ಕೂ ಹೊರಗಿನವರನ್ನು ಸ್ಥಳೀಯರನ್ನಾಗಿ ಮಾಡುವುದಕ್ಕೂ ಬೇಕಾದದ್ದು ಸಮಯ. ಗಾಂಧಿನಗರದಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನು ಅದೇ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಎಲ್ಲ ಡಬ್ಬಿಂಗೂ ಸೋಮಾರಿತನದಿಂದ ಬಂದದ್ದಲ್ಲ. ನಮ್ಮೂರಲ್ಲಿ ಸ್ಥಳದಲ್ಲೇ ದನಿ ಹಿಡಿಯುವುದು ಸೌಂಡ್‌ನವರಿಗೆ ನರಕ. ತಗಡಿನ ಮಾಡಿನ ಮೇಲೆ ಮಳೆ, ಸಂಜೆಯಾದರೆ ಜೀರುಂಡೆ. ಇನ್ನೊಂದು ತಮಾಷೆ ಗೊತ್ತಾ? ನಿಜವಾದ ಮಳೆ ಕ್ಯಾಮೆರಾದಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಹಿಂದಿನಿಂದ ಲೈಟ್ ಕೊಟ್ಟು ದಪ್ಪ ಹನಿ ಬೀಳಿಸಿದರೆ ಮಾತ್ರ ಮಳೆ. ಹಾಗಾಗಿ ಆಗುಂಬೆಯಂಥ ಆಗುಂಬೆಗೂ ಟ್ಯಾಂಕರ್‌ನಲ್ಲಿ ನೀರು ತರಿಸಿ ಮಳೆ ಸುರಿಸುತ್ತಾರೆ. ಊರಿನವರು ಕೊಡೆ ಹಿಡಿದು ನಿಂತು ನಗುತ್ತಾರೆ.

ಮಾತಿನ ವಿಷಯ ಬಂತಲ್ಲ, ಒಂದು ಹಳೇ ಸಿಟ್ಟು ತೀರಿಸಿಕೊಳ್ಳುತ್ತೇನೆ. ಮಲೆನಾಡಿನ ಪಾತ್ರ ಅಂದ ಕೂಡಲೇ ಎರಡು ಸಾಲಿಗೊಂದು "ಎಂತ", ಮೂರು ಸಾಲಿಗೊಂದು "ಮಾರಾಯ" ಸಿಕ್ಕಿಸುತ್ತಾರೆ. ಉಳಿದ ಸಾಲೆಲ್ಲ ಬೆಂಗಳೂರಿನದು. ತೀರ್ಥಹಳ್ಳಿ ಗೌಡರ ಮನೆ ಮಾತು ಬೇರೆ, ಸಾಗರದ ಹವ್ಯಕರ ಮನೆಯದು ಬೇರೆ, ದೀವರ ಕೇರಿಯದು ಬೇರೆ, ಘಟ್ಟ ಇಳಿದರೆ ಕುಂದಾಪುರದ್ದು ಇನ್ನೂ ಬೇರೆ. ಒಂದೇ ಮನೆಯಲ್ಲಿ ಅಪ್ಪ ಕುಂದಾಪುರ, ಮಗಳು ಹವ್ಯಕ, ಅಜ್ಜಿ ಮೈಸೂರು ಮಾತಾಡುವ ಸಿನಿಮಾ ನಾನೇ ನೋಡಿದ್ದೇನೆ. ನಾಯಕಿ ಎಲ್ಲಿಯವಳು ಎಂದು ಊರೆಲ್ಲ ಚರ್ಚೆ ಮಾಡುತ್ತೇವೆ. ಅಜ್ಜಿ ಪಾತ್ರಕ್ಕೆ ಯಾರು, ಸೊಸೈಟಿ ಗುಮಾಸ್ತನಿಗೆ ಯಾರು, ಮರ ಹತ್ತಿ ಅಡಿಕೆ ಕೊನೆ ತೆಗೆಯುವವನಿಗೆ ಯಾರು ಎಂದು ಯಾರೂ ಕೇಳುವುದಿಲ್ಲ. ಊರು ನಿಜವಾಗುವುದು ಅವರಿಂದ. ನಾಯಕಿಯೊಬ್ಬಳು ಊರವಳಾಗಿ, ಸುತ್ತ ಇಪ್ಪತ್ತು ಜನ ಬಸ್ಸಿನಲ್ಲಿ ಬಂದಿಳಿದವರಾದರೆ ಆ ಸಿನಿಮಾ ನಿಮ್ಮದು ಅನಿಸುವುದಿಲ್ಲ.

ನಿಮ್ಮ ಮಗಳಿಗೆ ಬಾಗಿಲು ಇರುವುದು ಆ ಇಪ್ಪತ್ತರಲ್ಲಿ. ಮೊದಲ ಸಿನಿಮಾದಲ್ಲೇ ನಾಯಕಿ ಆಗುತ್ತಾಳೆ ಎಂಬ ಆಸೆ ಇದ್ದರೆ ಸದ್ಯಕ್ಕೆ ಬದಿಗಿಡಿ. ಹಾಗೆ ಆಗುವುದೇ ಇಲ್ಲ ಎಂದಲ್ಲ. ಅದನ್ನು ಲೆಕ್ಕಕ್ಕೆ ಹಿಡಿದು ಬದುಕು ಕಟ್ಟಲು ಬರುವುದಿಲ್ಲ.

ಎರಡನೆಯದು, ದುಡ್ಡು ಕೊಟ್ಟವರಿಗೆ ಮಾತ್ರ ಪಾತ್ರವಾ? ಶ್ರೀಮಂತ ಅಪ್ಪ ತಾನೇ ನಿರ್ಮಾಪಕನಾಗಿ ಮಗನನ್ನು ನಾಯಕ ಮಾಡುವುದು ಇದೆ, ಅದು ಮುಚ್ಚುಮರೆಯಿಲ್ಲದ ವ್ಯವಹಾರ. ಆದರೆ ತಂಗಿ ಪಾತ್ರಕ್ಕೆ, ಗೆಳತಿ ಪಾತ್ರಕ್ಕೆ 25,000 ಕೇಳುವುದು ಸಿನಿಮಾ ವ್ಯವಹಾರವೇ ಅಲ್ಲ. ಸುಮ್ನೆ ಯೋಚನೆ ಮಾಡಿ. ನಮ್ಮ ಕೆಲಸದಲ್ಲಿ ದುಡ್ಡು ನಿರ್ಮಾಪಕರಿಂದ ನಟರ ಕಡೆಗೆ ಹರಿಯಬೇಕು. ನಡುವೆ ಕೋಆರ್ಡಿನೇಟರ್ ಇದ್ದರೆ ಸಂಭಾವನೆ ಕೈಗೆ ಬಂದ ಮೇಲೆ ಅವನ ಕಮಿಷನ್. ನೀರು ಹಿಂದಕ್ಕೆ ಹರಿಯುತ್ತಿದ್ದರೆ ಅದು ಮೋಸ. ಅದಕ್ಕೆ ರಿಜಿಸ್ಟ್ರೇಷನ್, ಪೋರ್ಟ್‌ಫೋಲಿಯೋ, ಕಾಸ್ಟ್ಯೂಮ್ ಡೆಪಾಸಿಟ್, ಆರ್ಟಿಸ್ಟ್ ಕಾರ್ಡ್ ಎಂದು ಯಾವ ಹೆಸರಿಟ್ಟರೂ ಅಷ್ಟೇ. ಕಲಾವಿದರ ಸಂಘದ ಸದಸ್ಯತ್ವ ಬೇರೆ ವಿಷಯ, ಅದನ್ನು ಯಾರೂ ಫೋನಿನಲ್ಲಿ ಮಾರುವುದಿಲ್ಲ.

ಈ ಮನುಷ್ಯನಿಗೆ ನಿಮ್ಮ ನಂಬರ್ ಹೇಗೆ ಸಿಕ್ಕಿತು? ನನ್ನ ಊಹೆ ಹೇಳುತ್ತೇನೆ. ಊರಿಗೆ ಶೂಟಿಂಗ್ ಬರುವ ಸುದ್ದಿ ಪೇಟೆಯೆಲ್ಲ ಹರಡಿರುತ್ತದೆ. ಮಗಳು ಫೋಟೋ ಕಳಿಸಿದ್ದರಲ್ಲಿ ಒಂದೆರಡು ನಕಲಿ ಆಡಿಷನ್ ಗುಂಪುಗಳೂ ಇದ್ದಿರಬೇಕು. ಎರಡನ್ನೂ ಜೋಡಿಸಿದರೆ ಆಯ್ತು. ಅವನು ಹೇಳಿದ ಸಿನಿಮಾ ನಿಜ, ಊರು ನಿಜ, ಪಾತ್ರವೂ ನಿಜ ಇರಬಹುದು. ಅವನಿಗೂ ಅದಕ್ಕೂ ಸಂಬಂಧ ಇಲ್ಲ ಅಷ್ಟೇ. ಒಳ್ಳೆಯ ಸುಳ್ಳಿಗೆ ಮುಕ್ಕಾಲು ಪಾಲು ನಿಜ ಬೆರೆಸಿರುತ್ತಾರೆ. ಸಿನಿಮಾದ ಹೆಸರು ನೋಂದಣಿ ಆಗುವುದು ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ. ಸಂಸ್ಥೆ ಯಾವುದು ಎಂದು ಅಲ್ಲಿ ವಿಚಾರಿಸಿ, ಆ ಸಂಸ್ಥೆಯ ಆಫೀಸಿಗೇ ಫೋನ್ ಮಾಡಿ ಇಂಥವರು ನಿಮ್ಮವರಾ ಎಂದು ಕೇಳಬಹುದು. ನೀವು ಈಗಾಗಲೇ ಒಂದಿಷ್ಟು ಕಳಿಸಿ, ಪತ್ರದಲ್ಲಿ ಬರೆಯಲು ಸಂಕೋಚಪಟ್ಟಿದ್ದರೆ, ನಾಚಿಕೆ ಬಿಟ್ಟು ಕೂಡಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ನಾಟಕದವರಿಗೆ ಕ್ಯಾಮೆರಾ ಒಗ್ಗುವುದಿಲ್ಲ ಎಂಬುದು ಅರ್ಧ ಸತ್ಯ. ನಟ ಅಚ್ಯುತ್ ಕುಮಾರ್ ಅದೇ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನಿಂದ ಬಂದವರು. ಅವರು ಪರದೆ ಮೇಲೆ ಸುಮ್ಮನೆ ಕೂತಿದ್ದರೂ ನಾವು ಅವರನ್ನೇ ನೋಡುತ್ತೇವೆ. ಸತೀಶ್ ನೀನಾಸಂ, ಮಂಡ್ಯ ರಮೇಶ್ ಕೂಡ ಅಲ್ಲಿಯವರೇ. ಆದರೆ ಕೊನೆ ಸಾಲಿನವನಿಗೆ ಕೇಳುವ ಹಾಗೆ ಮಾತಾಡಿ ಅಭ್ಯಾಸವಾದ ಹುಡುಗಿ ಕ್ಯಾಮೆರಾ ಮುಂದೆ ಬಂದಾಗ ಹುಬ್ಬು, ಕೈ, ಕೊರಳು ಎಲ್ಲ ಒಟ್ಟಿಗೇ ನಟಿಸುತ್ತವೆ. ಇದು ರೋಗವಲ್ಲ, ರೂಢಿ. ಎರಡು ತಿಂಗಳಲ್ಲಿ ಬಿಡಿಸಬಹುದು. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಾ ನಿಮ್ಮ ಹತ್ತಿರ ಒಂದು ಸುಳ್ಳು ಹೇಳಲಿ. "ನಾಳೆ ಕಾಲೇಜಿಗೆ ರಜೆ" ಎಂಬಂಥ ಸಣ್ಣ ಸುಳ್ಳು. ಆಮೇಲೆ ಇಬ್ಬರೂ ಕೂತು ನೋಡಿ. ಸುಳ್ಳು ಎಂದು ಯಾವ ಗಳಿಗೆಯಲ್ಲಿ ಗೊತ್ತಾಯಿತು, ಕಣ್ಣಿನಲ್ಲಾ, ಸೌಟಿನಲ್ಲಾ? ಕ್ಯಾಮೆರಾ ನಟನೆಯ ಅರ್ಧ ಪಾಠ ಅಲ್ಲೇ ಆಗುತ್ತದೆ.

ಫೋಟೋಗಳಿಗೆ ಉತ್ತರ ಬಾರದ್ದಕ್ಕೂ ಕಾರಣ ಇದೆ. ಪಾತ್ರಕ್ಕೆ ಜನ ಬೇಕು ಎಂದು ನಾನು ಒಂದು ಪೋಸ್ಟರ್ ಹಾಕಿದರೆ ಮೂರು ದಿನದಲ್ಲಿ ಫೋನ್ ತುಂಬಿ ನಿಂತುಹೋಗುತ್ತದೆ. ಒಬ್ಬೊಬ್ಬರಿಗೆ ಸಿಗುವುದು ಇಪ್ಪತ್ತು ಸೆಕೆಂಡ್. ಅದರಲ್ಲಿ ಹೆಚ್ಚಿನವು ಅಕ್ಕನ ಮದುವೆಯಲ್ಲಿ ತೆಗೆದ ಫೋಟೋ, ಅಥವಾ ಚರ್ಮವೆಲ್ಲ ಮೇಣದ ಹಾಗೆ ನಯವಾದ ಫಿಲ್ಟರ್ ಫೋಟೋ. ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ಕಳಿಸಬೇಕಾದದ್ದು ಮೇಕಪ್ ಇಲ್ಲದ ಮೂರು ಫೋಟೋ, ನೇರ, ಎಡ, ಬಲ. ಒಂದು ನಿಮಿಷದ ಪರಿಚಯದ ವಿಡಿಯೋ. ಬೇರೆ ಬೇರೆ ಸ್ವಭಾವದ ಎರಡು ಚಿಕ್ಕ ದೃಶ್ಯ. ಫೋನ್ ಅಡ್ಡ ಹಿಡಿದು, ಕಿಟಕಿಗೆ ಮುಖ ಮಾಡಿ, ಹಿಂದೆ ಬರೀ ಗೋಡೆ. ಸ್ಟುಡಿಯೋಗೆ ಹೋಗಿ ಸಾವಿರಾರು ರೂಪಾಯಿ ಸುರಿಯುವುದು ಬೇಡ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಬೆಂಗಳೂರಿಗೆ ಹೋಗಿ ಪ್ರಯತ್ನ ಮಾಡುವುದು ಎಲ್ಲರೂ ಹೇಳುವ ದಾರಿ. ಕಡಿಮೆ ಅಂದರೂ ಒಂದೂವರೆ ವರ್ಷದ ಪಿಜಿ ಬಾಡಿಗೆ, ಊಟ, ಓಡಾಟದ ಖರ್ಚು ಕೈಯಲ್ಲಿದ್ದರೆ ಮಾತ್ರ ಹೋಗಲಿ. ಮೂರು ತಿಂಗಳಿಗೆ ದುಡ್ಡು ಮುಗಿದ ಹುಡುಗಿಯರೇ ಆ 25,000ದವನ ಕೈಗೆ ಸಿಗುವುದು, ಅಥವಾ ಅವನಿಗಿಂತ ಕೆಟ್ಟವರ ಕೈಗೆ. ಧಾರಾವಾಹಿ ಸಿಕ್ಕರೆ ತಿಂಗಳು ತಿಂಗಳು ಸಂಬಳ ಬಂದ ಹಾಗೆ ಬರುತ್ತದೆ, ಕ್ಯಾಮೆರಾ ಭಯ ಹೋಗುತ್ತದೆ. ಆದರೆ ದಿನಕ್ಕೆ ಹನ್ನೆರಡು ಗಂಟೆ ದುಡಿತ. ಒಪ್ಪಂದದಲ್ಲಿ ಬೇರೆ ಕಡೆ ನಟಿಸಬಾರದು ಎಂಬ ಸಾಲು ಇದ್ದೀತು. ಸಹಿಗೆ ಮುಂಚೆ ಓದಿ.

ಇಲ್ಲೇ ಇದ್ದು ನಾಟಕ ಮುಂದುವರಿಸುವುದು ಇನ್ನೊಂದು. ನೀನಾಸಂನ ತಿರುಗಾಟ 1985ರಿಂದ ಊರೂರು ಸುತ್ತುತ್ತಿದೆ, ಶಿವಮೊಗ್ಗದಲ್ಲಿ ರಂಗಾಯಣ ಇದೆ. ಅಲ್ಲಿ ಸಿಗುವ ದುಡ್ಡು ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾವು ಮಲೆನಾಡಿನ ಪೋಷಕ ಪಾತ್ರಗಳಿಗೆ ಜನ ಹುಡುಕಿಕೊಂಡು ಮೊದಲು ಹೋಗುವುದು ಅಂಥ ಕಡೆಗೇ. ಬಿ.ಎಡ್. ವಿಷಯದಲ್ಲಿ ಅವರಪ್ಪನ ಜೊತೆ ಜಗಳ ಬೇಡ. ನಾನು ಕೆಲಸ ಮಾಡಿದ ಒಳ್ಳೆಯ ಪೋಷಕ ನಟರಲ್ಲಿ ಮೇಷ್ಟ್ರುಗಳು, ಬ್ಯಾಂಕಿನವರು, ಅಂಚೆ ಇಲಾಖೆಯವರು ಎಷ್ಟೋ ಜನ. ತಿಂಗಳ ಸಂಬಳ ಇರುವ ನಟಿಗೆ ಬೇಡದ ಪಾತ್ರವನ್ನು ಬೇಡ ಎನ್ನುವ ಧೈರ್ಯ ಇರುತ್ತದೆ. ಒಂದೇ ತೊಂದರೆ, ರಜೆ. ಇಪ್ಪತ್ತು ದಿನದ ಶೆಡ್ಯೂಲಿಗೆ ಹೆಡ್‌ಮಾಸ್ಟರು ರಜೆ ಕೊಡದೆ ಪಾತ್ರ ತಪ್ಪಿಸಿಕೊಂಡವರನ್ನೂ ಕಂಡಿದ್ದೇನೆ.

ಮೂರನೆಯ ದಾರಿ ನಿಮ್ಮ ತಲೆಗೆ ಬಂದಿರಲಿಕ್ಕಿಲ್ಲ. ಆ ಸಿನಿಮಾ ನಿಮ್ಮ ತವರುಮನೆಗೇ ಬರುತ್ತಿದೆ! ಅಣ್ಣನ ಹತ್ತಿರ ಮಾತಾಡಿ ಹೋದ ಪ್ರೊಡಕ್ಷನ್ ಮ್ಯಾನೇಜರ್ ನಂಬರ್ ನಿಮ್ಮ ಮನೆಯಲ್ಲೇ ಇದೆ. ಅದು ನಿಜವಾದ ನಂಬರ್, ಫೋನ್ ಮಾಡಿದ ಕಳ್ಳನದ್ದಲ್ಲ. ಪಾತ್ರ ಕೊಟ್ಟರೆ ಮಾತ್ರ ಮನೆ ಕೊಡುತ್ತೇವೆ ಎಂದು ಷರತ್ತು ಹಾಕಬೇಡಿ. ಹಾಗೆ ಹಾಕಿದ ಒಂದು ಮನೆಯವರ ಹುಡುಗನಿಗೆ ಪಾತ್ರ ಕೊಟ್ಟರು, ಕೊನೆಗೆ ಎಡಿಟಿಂಗ್‌ನಲ್ಲಿ ಅವನ ಬೆನ್ನು ಮಾತ್ರ ಉಳಿಯಿತು. ಬದಲಿಗೆ, ಸಹ ನಿರ್ದೇಶಕರ ಜೊತೆ ಹತ್ತು ನಿಮಿಷ ಮಾತಾಡಿಸಿ ಎಂದು ಕೇಳಿ. ಅವರ ಮುಂದೆ ಮಗಳು ಎರಡು ವಿಷಯ ಇಡಲಿ. ಒಂದು, ತಂಗಿ, ಗೆಳತಿ, ಪಕ್ಕದ ಮನೆ ಹುಡುಗಿ ಯಾವುದಕ್ಕಾದರೂ ಆಡಿಷನ್ ಕೊಡುತ್ತೇನೆ. ಎರಡು, ನಿಮ್ಮ ನಾಯಕಿಗೆ ನಮ್ಮ ಕಡೆಯ ಮಾತು, ನಡೆ, ಮೆಟ್ಟುಗತ್ತಿ ಮುಂದೆ ಕೂರುವುದು ಎಲ್ಲ ಹೇಳಿಕೊಡುತ್ತೇನೆ, ಬೇಕಾದರೆ ಡಬ್ಬಿಂಗ್‌ಗೂ ದನಿ ಪರೀಕ್ಷೆ ಕೊಡುತ್ತೇನೆ.

ಇದನ್ನು ಕೇಳಿದರೆ ಮಗಳಿಗೆ ಸಿಟ್ಟು ಬರಬಹುದು. ಆಡಬೇಕಾದವಳು ನಾನು, ಅವಳಿಗೆ ಪಾಠ ಹೇಳಬೇಕಾ ಅಂತ. ಬರಲಿ, ಅದು ನ್ಯಾಯವಾದ ಸಿಟ್ಟೇ. ಆದರೂ ನಲವತ್ತು ದಿನ ಸೆಟ್‌ನಲ್ಲಿ ಸಂಬಳ ತಗೊಂಡು ನಿಲ್ಲುವ ಹುಡುಗಿಗೆ ಲೆನ್ಸ್ ಅಂದರೇನು, ಕಂಟಿನ್ಯುಟಿ ಅಂದರೇನು, ಯಾರ ಮಾತಿಗೆ ತೂಕ ಇದೆ ಎಲ್ಲ ಗೊತ್ತಾಗಿಬಿಡುತ್ತದೆ. ಭಾಷೆ ಕಲಿಸಲು ಬಂದ ಒಬ್ಬ ಹುಡುಗನನ್ನು ಅದೇ ನಿರ್ದೇಶಕರು ಮುಂದಿನ ಸಿನಿಮಾದಲ್ಲಿ ನಾಯಕನ ತಮ್ಮನಾಗಿ ಹಾಕಿಕೊಂಡದ್ದು ನನ್ನ ಕಣ್ಣೆದುರೇ ಆಗಿದೆ. ಉಲ್ಟಾ ಆದದ್ದೂ ಇದೆ. ಒಳ್ಳೆಯ ದನಿ ಅಂತ ಗೊತ್ತಾದ ಒಬ್ಬ ಹುಡುಗಿ ಐದು ವರ್ಷದಿಂದ ಬರೀ ದನಿಯಾಗಿಯೇ ಉಳಿದಿದ್ದಾಳೆ. ಅವಳ ಹೆಸರು ಹುಡುಕಬೇಕಾದರೆ ಟೈಟಲ್ ಕಾರ್ಡನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು.

ಹಾಗಾಗಿ ಏನೇ ಒಪ್ಪಿಕೊಂಡರೂ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಎಷ್ಟು ದಿನ, ದಿನಕ್ಕೆ ಎಷ್ಟು, ಬಾಟಾ (ದಿನದ ಭತ್ಯೆ), ಓಡಾಟ, ಉಳಿಯುವ ವ್ಯವಸ್ಥೆ, ತೆರೆ ಮೇಲೆ ಹೆಸರು ಹೇಗೆ ಬರುತ್ತದೆ. ಅಲ್ಲಿ ಯಾರಾದರೂ ಅಸಹ್ಯವಾಗಿ ನಡೆದುಕೊಂಡರೆ ಯಾರಿಗೆ ದೂರು ಕೊಡಬೇಕು ಎಂದೂ ಮೊದಲೇ ಕೇಳಿ. ಹತ್ತು ಅಥವಾ ಜಾಸ್ತಿ ಜನ ದುಡಿಯುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಬೇಕು ಎಂದು 2013ರ ಕಾನೂನೇ ಹೇಳುತ್ತದೆ. ಈ ಪ್ರಶ್ನೆ ಕೇಳಿದ್ದಕ್ಕೆ ಮುಖ ಸಿಂಡರಿಸುವ ತಂಡವಾದರೆ ಮನೆ ಬಾಡಿಗೆ ತಗೊಂಡು ಮಗಳನ್ನು ಮನೆಯಲ್ಲೇ ಇರಿಸಿಕೊಳ್ಳಿ. ಮೊದಲ ಮಾತುಕತೆಗೆ ನೀವೋ ಅವಳ ಮಾವನೋ ಜೊತೆಗಿರಿ. ನಿಜವಾದ ತಂಡದವರು ಅದನ್ನು ತಪ್ಪು ತಿಳಿಯುವುದಿಲ್ಲ.

ಮಳೆಗಾಲ ಮುಗಿಯುವವರೆಗೆ ಕಾಯಬೇಡಿ. ಲೊಕೇಶನ್ ಪಕ್ಕಾ ಮಾಡಲು ಅವರು ಇನ್ನೊಂದು ಸಲ ಬಂದೇ ಬರುತ್ತಾರೆ, ಆಗ ಕ್ಯಾಮೆರಾಮನ್ ಮತ್ತು ಸಹ ನಿರ್ದೇಶಕರು ಜೊತೆಗಿರುತ್ತಾರೆ. ಪೋಷಕ ಪಾತ್ರಗಳು ಆ ಹೊತ್ತಿಗೆ ಇನ್ನೂ ಖಾಲಿ ಇರುತ್ತವೆ. ಅಷ್ಟರೊಳಗೆ ಮಗಳ ವಿಡಿಯೋ ತಯಾರಿರಲಿ. ಮಳೆ ಸ್ವಲ್ಪ ಬಿಟ್ಟ ಹೊತ್ತು ನೋಡಿ ತೆಗೆಯಿರಿ, ಇಲ್ಲದಿದ್ದರೆ ಮಾಡಿನ ಸದ್ದೊಂದೇ ಕೇಳಿಸುತ್ತದೆ. ಎರಡರಲ್ಲಿ ಒಂದು ದೃಶ್ಯ ನಿಮ್ಮ ಮನೆಯ ಮಾತಿನಲ್ಲೇ ಇರಲಿ, ಪುಸ್ತಕದ ಕನ್ನಡ ಬೇಡ. ಮತ್ತೆ ಆ ಫೋನಿನವನು ಪುನಃ ಕರೆ ಮಾಡಿದರೆ, ಶೂಟಿಂಗ್ ಮನೆ ನಮ್ಮದೇ, ಬಂದು ಕೈಯಲ್ಲೇ ದುಡ್ಡು ತಗೊಂಡು ಹೋಗಿ ಅನ್ನಿ.